ಈ ವಾರ ಕೊಮೊರೊಸ್ ಬಗ್ಗೆ ಮಾತಾಡೋಣ

ಗೆಳೆಯರೇ, ಭಾನುವಾರದ ಚರ್ಚೆಗೆ ಕೊಮೊರೊಸ್ ಫುಟ್‌ಬಾಲ್ ತಂಡವನ್ನು ಆರಿಸಿದ್ದೇನೆ. ಹಿಂದೂ ಮಹಾಸಾಗರದ ಪುಟ್ಟ ದ್ವೀಪ ದೇಶ. ಫಿಫಾ ಸದಸ್ಯತ್ವ ಸಿಕ್ಕಿದ್ದೇ 2005ರಲ್ಲಿ. 2022ರ ಜನವರಿಯಲ್ಲಿ ಮೊದಲ ಸಲ ಆಫ್ರಿಕಾ ಕಪ್ ಆಡಿ, ಘಾನಾವನ್ನು 3-2ರಿಂದ ಮನೆಗೆ ಕಳಿಸಿತು!

ನಾಕೌಟ್‌ನಲ್ಲಿ ಎದುರಾಳಿ ಆತಿಥೇಯ ಕ್ಯಾಮರೂನ್. ಒಬ್ಬ ಗೋಲ್‌ಕೀಪರ್‌ಗೆ ಗಾಯ, ಇನ್ನಿಬ್ಬರಿಗೆ ಕೋವಿಡ್. ಕೊನೆಗೆ ಡಿಫೆಂಡರ್ ಶಾಕರ್ ಅಲ್ಹಾದುರ್ ಗ್ಲೌಸ್ ಹಾಕಿ ನಿಂತರು. ಏಳನೇ ನಿಮಿಷಕ್ಕೇ ನಾಯಕನಿಗೆ ರೆಡ್ ಕಾರ್ಡ್. ಹತ್ತೇ ಜನ, ಆದರೂ ಸೋತದ್ದು 2-1ರಿಂದ ಅಷ್ಟೇ. ಕೊಮೊರೊಸ್‌ನ ಎಂಚಂಗಾಮಾ ಹೊಡೆದ ಫ್ರೀ ಕಿಕ್ ಗೋಲು ಎಷ್ಟು ಚೆಂದ ಅಲ್ವಾ! ನನಗಂತೂ ಆ ಸೋಲು ಗೆಲುವಿಗಿಂತ ಜಾಸ್ತಿ ಇಷ್ಟ.

2025ರ ಟೂರ್ನಿಗೂ ಅವರು ಅರ್ಹತೆ ಪಡೆದರು. ಕ್ಯಾಮರೂನ್ ಪಂದ್ಯದ ಹೈಲೈಟ್ಸ್ ತಪ್ಪದೇ ನೋಡಿ ಬನ್ನಿ.