ಒಂದು ವರ್ಷವಾಯ್ತು, ಥ್ಯಾಂಕ್ಸ್ ಬಾಕಿ ಇದೆ

ನಿನ್ನೆಗೆ ನನ್ನ ಡಯಾಲಿಸಿಸ್ ಶುರುವಾಗಿ ಒಂದು ವರ್ಷ. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಒಂದು ದಿನವೂ ತಪ್ಪಿಸಿಲ್ಲ, ಅಂದರೆ 156 ಸಲ ಆ ಕುರ್ಚಿಯಲ್ಲಿ ಕೂತೆದ್ದಿದ್ದೇನೆ. ಇದೇನು ಹೇಳಿಕೊಳ್ಳುವ ವಿಷಯ ಅಂತ ಸುಮ್ನೆ ಇದ್ದೆ. ಆದರೆ ಫೋನ್ ಮಾಡಿದವರು, ನನಗಾಗಿ ಪ್ರಾರ್ಥನೆ ಮಾಡಿದವರು ತುಂಬಾ ಜನ ಇದ್ದೀರಿ, ಅರ್ಧ ಜನಕ್ಕೆ ನಾನು ಉತ್ತರವನ್ನೇ ಕೊಟ್ಟಿಲ್ಲ.

ಅಕ್ಕ ಕಿಡ್ನಿ ಕೊಡುವುದೆಂದು ತೀರ್ಮಾನವಾಗಿತ್ತು, ನಿಮಗೆಲ್ಲ ಗೊತ್ತಲ್ಲ. ಇಬ್ಬರದ್ದೂ ಒಂದೇ ಬ್ಲಡ್ ಗ್ರೂಪ್. ಅವಳ ಟೆಸ್ಟ್ ಒಂದೊಂದೇ ಸರಿಬಂದ ಹಾಗೆಲ್ಲ 'ನೋಡಿ, ದೇವರು ದಾರಿ ಮಾಡಿಕೊಡ್ತಿದ್ದಾನೆ' ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಕೊನೆಗೆ ಉಳಿದಿದ್ದು ಕ್ರಾಸ್‌ಮ್ಯಾಚ್. ಅವಳ ರಕ್ತದ ಬಿಳಿ ಕಣಕ್ಕೆ ನನ್ನ ರಕ್ತದ ಸೀರಂ ಬೆರೆಸಿ ನೋಡುತ್ತಾರೆ, ನನ್ನ ಮೈ ಅವಳ ಕಿಡ್ನಿಯ ಮೇಲೆ ತಿರುಗಿಬೀಳುತ್ತಾ ಅಂತ. ರಿಪೋರ್ಟ್ ಪಾಸಿಟಿವ್ ಬಂತು. ಪಾಸಿಟಿವ್ ಅಂದ ಕೂಡಲೇ ಅಕ್ಕ ಖುಷಿಯಿಂದ ನನ್ನ ಕೈ ಹಿಡಿದುಕೊಂಡಳು. ಹಾಗಂದರೆ ಆಗುವುದಿಲ್ಲ ಅಂತ ಅರ್ಥ ಎಂದು ಡಾಕ್ಟರ್ ಬಿಡಿಸಿ ಹೇಳುವವರೆಗೂ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ.

ಕಾರಣ ಕೇಳಿದ ಮೇಲಂತೂ ತಲೆ ಕೆಟ್ಟುಹೋಯ್ತು. 3 ವರ್ಷದ ಹಿಂದೆ ಒಂದು ಆಪರೇಷನ್‌ನಲ್ಲಿ ತುಂಬಾ ರಕ್ತ ಹೋಗಿ ನನಗೆ 5 ಯೂನಿಟ್ ರಕ್ತ ಹಾಕಿದ್ದರು. ಬೇರೆಯವರ ರಕ್ತ ಸೇರಿದಾಗ ಕೆಲವರ ಮೈಯಲ್ಲಿ ಹೊರಗಿನವರ ಕಣಗಳ ಮೇಲೆ ತಿರುಗಿಬೀಳುವ ಆಂಟಿಬಾಡಿ ಹುಟ್ಟಿಕೊಳ್ಳುತ್ತವಂತೆ, ನನಗೂ ಹಾಗೇ ಆಗಿರಬೇಕು ಅಂದರು. ಆ ರಾತ್ರಿ ರಕ್ತ ಸಿಗಲಿ ಅಂತ ಮನೆಯವರೆಲ್ಲ ದೇವರನ್ನು ಬೇಡಿಕೊಂಡಿದ್ದರು, ಸಿಕ್ಕಿತು, ನಾನು ಉಳಿದೆ, ದೇವರು ನಮ್ಮ ಮೊರೆ ಕೇಳಿದ ಅಂತ ಕುಣಿದಾಡಿದ್ದೆವು. ಅವತ್ತು ಕೊಟ್ಟಿದ್ದೇ ಇವತ್ತು ಕೇಳಿದ್ದಕ್ಕೆ ಅಡ್ಡ ಬಂದು ಕೂತಿತ್ತು. ಇದನ್ನು ಯಾರ ಹತ್ತಿರ ಹೇಳೋದು?

ನಾನು ಪ್ರಾರ್ಥನೆ ನಿಲ್ಲಿಸಿದೆ. ದೇವರಿಲ್ಲ ಅಂತಲ್ಲ, ಮಾತು ಬಿಟ್ಟೆ ಅಷ್ಟೆ. ಮುನಿಸಿಕೊಂಡವರು ಒಂದೇ ಮನೆಯಲ್ಲಿ ಮುಖ ನೋಡದೆ ಇರ್ತಾರಲ್ಲ, ಹಾಗೆ. 'ಆಗೋದೆಲ್ಲ ಒಳ್ಳೇದಕ್ಕೇ' ಅಂತ ಬರೆದವರಿಗೆ ಉತ್ತರ ಕೊಡದೆ ಇದ್ದಿದ್ದು ಇದಕ್ಕೇ. ನಿಮ್ಮ ಮನಸ್ಸು ಒಳ್ಳೆಯದು, ಗೊತ್ತು. ಆದರೂ ಆ ಮಾತು ಈಗಲೂ ನನಗೆ ಹಿಡಿಸುವುದಿಲ್ಲ.

ನನ್ನ ಎಡಗೈಯಲ್ಲಿ ಫಿಸ್ಟುಲಾ ಇದೆ. ಸೂಜಿ ಚುಚ್ಚಲು ಅನುಕೂಲವಾಗಲಿ ಅಂತ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಮುಷ್ಟಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತೆ. ದಿನಾ ಮುಟ್ಟಿ ನೋಡಬೇಕು, ಆ ಗುಂಯ್ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಒಂದು ಬೆಳಗ್ಗೆ ಕಣ್ಣು ಬಿಡುವ ಮೊದಲೇ ಬಲಗೈ ಅಲ್ಲಿಗೆ ಹೋಗಿತ್ತು. ಇದೆ. 'ಅಪ್ಪಾ ದೇವರೇ' ಅಂತ ಬಾಯಿಂದ ತಾನಾಗೇ ಬಂತು. ಮಾತು ಬಿಟ್ಟಿದ್ದೇ ಮರೆತುಹೋಗಿತ್ತು. ಆಮೇಲೆ ನಗು ಬಂತು, ಸ್ವಲ್ಪ ಅಳುವೂ ಬಂತು.

ಅಲ್ಲಿಂದ ಮತ್ತೆ ಮಾತಾಡ್ತಿದ್ದೇವೆ. ಜಾಸ್ತಿ ಜಗಳವೇ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಆದರೆ ಇಷ್ಟು ದಿನ ನಾನು ನಂಬಿದ್ದು ದೇವರನ್ನಾ, ನಾನೇ ಹಾಕಿಕೊಂಡ ಪ್ಲಾನನ್ನಾ? ಪ್ಲಾನನ್ನೇ, ಸುಳ್ಳು ಯಾಕೆ ಹೇಳಲಿ. ಈಗ ಪ್ಲಾನ್ ಇಲ್ಲ. ಹೆಸರು ಕಾಯುವ ಪಟ್ಟಿಯಲ್ಲಿದೆ, ಅಷ್ಟೇ.

ಕುರ್ಚಿಯಲ್ಲಿ ಕೂತು ಫೋನ್‌ನಲ್ಲಿ ಏನೇನೋ ಓದ್ತಿರ್ತೀನಿ. ಈ ಮೆಷಿನ್ ಹುಟ್ಟಿದ್ದು 1943ರಲ್ಲಿ, ಯುದ್ಧದ ನಡುವೆ, ನೆದರ್‌ಲ್ಯಾಂಡ್ಸ್‌ನಲ್ಲಿ. ವಿಲೆಮ್ ಕೋಲ್ಫ್ ಅನ್ನುವ ಡಾಕ್ಟರ್ ಸಾಸೇಜ್ ಸುತ್ತುವ ಸೆಲ್ಲೋಫೇನ್ ಕೊಳವೆ ಬಳಸಿ ಮಾಡಿದ್ದು. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಯಾರೂ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಕಣ್ಣು ಬಿಟ್ಟರು. ಆ ಎರಡು ವರ್ಷ ಆ ಮನುಷ್ಯ ಹೇಗೆ ಕಳೆದರೋ! ಅವರಿಗೂ ಒಂದು ಥ್ಯಾಂಕ್ಸ್.

ನನ್ನ ಹೆಂಡತಿಗೆ. ನನಗೆ ದಿನಕ್ಕೆ 1 ಲೀಟರ್ ನೀರಷ್ಟೇ. ಅವಳು ನನ್ನೆದುರು ನೀರು ಕುಡಿಯೋದೇ ಬಿಟ್ಟಿದ್ದಾಳೆ. ಅಡುಗೆಮನೆಯಲ್ಲಿ ಸದ್ದಾಗದ ಹಾಗೆ ಲೋಟ ಇಡೋದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ಸೂಜಿ ಹಾಕುವ ಟೆಕ್ನಿಷಿಯನ್ ತಂಗಿಗೆ, 'ಒಂದೇ ನಿಮಿಷ ಅಣ್ಣಾ' ಅಂತ ಪ್ರತಿ ಸಲ ಸುಳ್ಳು ಹೇಳಿದ್ದಕ್ಕೆ. ಪಕ್ಕದ ಕುರ್ಚಿಯ ಅಜ್ಜನಿಗೆ. ಹೆಸರು ನೆನಪಿರಲ್ಲ ಅಂತ ಅವರು ಕುರ್ಚಿ ನಂಬರ್ ಹೇಳಿ ಪ್ರಾರ್ಥನೆ ಮಾಡ್ತಾರೆ. ನಾನು 7.

ಇನ್ನು ಆ ರಕ್ತ ಕೊಟ್ಟವರು. ನಿಮ್ಮ ಹೆಸರು, ಮುಖ ಒಂದೂ ಗೊತ್ತಿಲ್ಲ. ನಿಮ್ಮದೇನೂ ತಪ್ಪಿಲ್ಲ ಅಂತ ಗೊತ್ತಿದ್ದೂ ಎಷ್ಟೋ ತಿಂಗಳು ನಿಮ್ಮ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಅವತ್ತು ನೀವು ಕೈ ಚಾಚಿ ಮಲಗಿರದಿದ್ದರೆ ಸಿಟ್ಟು ಮಾಡಿಕೊಳ್ಳೋಕೂ ನಾನಿರುತ್ತಿರಲಿಲ್ಲ ಅಲ್ವಾ. ಥ್ಯಾಂಕ್ಸ್. ತಡವಾಯ್ತು, ಬೇಜಾರು ಮಾಡ್ಕೋಬೇಡಿ.

ನಾಳೆ ಬೆಳಗ್ಗೆ 6ಕ್ಕೆ ಮತ್ತೆ ಡಯಾಲಿಸಿಸ್. ಅಕ್ಕ ಜೊತೆಗೆ ಬರ್ತೀನಿ ಅಂದಿದ್ದಾಳೆ.