ಆ ಅಜ್ಜಿ ಆಮಿಷ ಒಡ್ಡಲಿಲ್ಲ

ಪ್ರೀತಿಯ ತಮ್ಮಾ,

ನೀನು ಅನುವಾದಿಸಿ ಕಳಿಸಿದ ಕಥೆಯನ್ನು ಮೊದಲು ಮೂಲದ ಹಂಗಿಲ್ಲದೆ ಓದಿದೆ. ಮೂರನೆಯ ಪುಟದಲ್ಲಿ ಒಂದು ಪದ ಕಾಲಿಗೆ ತೊಡರಿತು. ಅಜ್ಜಿ ಮೊಮ್ಮಗಳಿಗೆ ‘ಆಮಿಷ ಒಡ್ಡಿ’ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಆ ಗಳಿಗೆಯಿಂದ ನನಗೆ ಅಜ್ಜಿಯ ಮೇಲೆ ಅನುಮಾನ ಶುರುವಾಯಿತು. ಕಥೆ ಮುಗಿದ ಮೇಲೂ ಆಕೆ ಕೆಟ್ಟವಳಲ್ಲ ಎಂದು ನಂಬಲು ಕಷ್ಟವಾಯಿತು. ಇಂಗ್ಲಿಷ್ ಮೂಲ ತೆರೆದು ನೋಡಿದರೆ ಅಲ್ಲಿದ್ದದ್ದು ‘ಎಂಟೈಸ್’.

ನಿಘಂಟಿನಲ್ಲಿ ಆ ಅರ್ಥ ಇದೆ, ಒಪ್ಪುತ್ತೇನೆ. ಆದರೆ ನಮ್ಮ ಆಮಿಷ ಎಂಬ ಪದವನ್ನೇ ಒಮ್ಮೆ ಮೂಸಿ ನೋಡು. ಸಂಸ್ಕೃತದಲ್ಲಿ ಅದು ಮಾಂಸ. ನಿರಾಮಿಷ ಎನ್ನುವಾಗ ಆ ಅರ್ಥ ಇನ್ನೂ ಉಸಿರಾಡುತ್ತದೆ. ಗಾಳದ ತುದಿಗೆ ಸಿಕ್ಕಿಸುವ, ಬೋನಿನ ಒಳಗಿಡುವ ತುಂಡು ಅದು. ಹಣದ ಆಮಿಷ, ನೌಕರಿಯ ಆಮಿಷ ಎಂದು ಪತ್ರಿಕೆಗಳಲ್ಲಿ ಓದಿ ಓದಿ, ಆ ಪದ ಕಂಡ ಕೂಡಲೇ ಹಿಂದೆ ಬೋನು ಎಲ್ಲಿದೆ ಎಂದು ಓದುಗ ಹುಡುಕತೊಡಗುತ್ತಾನೆ.

ಎಂಟೈಸ್‌ನ ಬೇರು ಬೇರೆ ನೆಲದ್ದು. 1300ರ ಸುಮಾರಿಗೆ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ಅದಕ್ಕೆ ಕೆಣಕು, ಹುರಿದುಂಬಿಸು ಎಂಬ ಅರ್ಥವಿತ್ತು. ಅದರ ಹಿಂದೆ ಲ್ಯಾಟಿನ್ನಿನ ‘ಉರಿಯುವ ಕೊಳ್ಳಿ’ ಇರಬೇಕೆಂದು ಪದಮೂಲ ಹುಡುಕುವವರು ಹೇಳುತ್ತಾರೆ. ನನಗೆ ಈ ಚಿತ್ರ ತುಂಬ ಇಷ್ಟ. ಆಮಿಷ ಹೊರಗಿನ ತುಂಡು; ಎಂಟೈಸ್ ಒಳಗೆ ಆಗಲೇ ಇದ್ದ ಆಸೆಗೆ ಕಿಡಿ ತಾಗಿಸುವುದು. ಆ ಕಿಡಿ ಒಲೆಗೂ ತಾಗಬಹುದು, ಮನೆಗೂ ತಾಗಬಹುದು. ಯಾವುದಕ್ಕೆ ಎಂದು ಹೇಳುವುದು ಸುತ್ತಲಿನ ವಾಕ್ಯ. ಅದರ ಮುಂದೆ ‘ಇನ್‌ಟು’ ಬಂದರೆ ಸಾಮಾನ್ಯವಾಗಿ ಯಾರೋ ಎಲ್ಲಿಗೋ ಬೀಳುತ್ತಿದ್ದಾರೆ, ಆಗ ‘ಪುಸಲಾಯಿಸಿ ಕರೆದೊಯ್ದ’ ಎನ್ನಬಹುದು. ‘ಅವೇ ಫ್ರಮ್’ ಬಂದರೆ ಇದ್ದ ಜಾಗದಿಂದ ಸೆಳೆದುಕೊಳ್ಳುವುದು. ‘ಎಂಟೈಸಿಂಗ್’ ಎಂಬ ವಿಶೇಷಣಕ್ಕಂತೂ ಇಂದು ಕಳಂಕವೇ ಇಲ್ಲವೆನ್ನಬೇಕು. ಅಡುಗೆಯ ಘಮಕ್ಕೂ ಪುಸ್ತಕದ ಮುಖಪುಟಕ್ಕೂ ಹಾಯಾಗಿ ಬಳಸುತ್ತಾರೆ. ನಿನ್ನ ಕಥೆಯ ಅಜ್ಜಿ ಮಾಡಿದ್ದಿಷ್ಟೇ: ಮಗುವಿಗೆ ಆಸೆ ಹುಟ್ಟಿಸಿ ಕೂರಿಸಿಕೊಂಡಳು.

‘ಟೆಂಪ್ಟ್’ ಇನ್ನೂ ಕಷ್ಟದ ಪದ, ಇದರ ಬಳಿ ಸ್ವಲ್ಪ ನಿಲ್ಲು. ಅದರ ಲ್ಯಾಟಿನ್ ಮೂಲಕ್ಕೆ ಮುಟ್ಟಿ ನೋಡು, ಪರೀಕ್ಷಿಸು ಎಂಬ ಅರ್ಥವಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ದೇವರು ಅಬ್ರಹಾಮನನ್ನು ‘ಟೆಂಪ್ಟ್’ ಮಾಡಿದ ಎಂದೇ ಇದೆ. ಅಲ್ಲಿ ದೇವರು ಯಾವ ಆಸೆಯನ್ನೂ ತೋರಿಸಲಿಲ್ಲ, ಮಗನನ್ನೇ ಬಲಿ ಕೇಳಿದ. ಅದು ಪರೀಕ್ಷೆ. ಹೊಸ ಇಂಗ್ಲಿಷ್ ಅನುವಾದಗಳು ಹಾಗೆಯೇ ತಿದ್ದಿಕೊಂಡಿವೆ. ಹಳೆಯ ಗದ್ಯ ಅನುವಾದಿಸುವಾಗ ಇಂದಿನ ಅರ್ಥವನ್ನು ಹಿಡಿದು ಹೊರಟರೆ ದೇವರ ಸ್ವಭಾವವೇ ಬದಲಾಗಿಬಿಡುತ್ತದೆ!

ಇಂದಿನ ಬಳಕೆಯಲ್ಲಿ ‘ಐ ವಾಸ್ ಟೆಂಪ್ಟೆಡ್’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಮರುಳು ಮಾಡಿದವರು ಯಾರೂ ಇರುವುದಿಲ್ಲ. ನೀನು ಅದನ್ನು ‘ನಾನು ಪ್ರಲೋಭನೆಗೆ ಒಳಗಾದೆ’ ಎಂದು ಬರೆದಿದ್ದೀಯ. ಫೋನ್ ಎತ್ತಿ ಮಾತಾಡಬೇಕೆನಿಸಿದ್ದಕ್ಕೆ ಇಷ್ಟು ಭಾರವೇ? ಕನ್ನಡದಲ್ಲಿ ಆಸೆಗೆ ಚತುರ್ಥಿ ವಿಭಕ್ತಿಯ ಬಾಗಿಲಿದೆ: ನನಗೆ ಮನಸ್ಸಾಯಿತು, ನನಗೆ ಆಸೆಯಾಯಿತು. ಮನಸ್ಸು ತಾನಾಗಿಯೇ ಬಂದು ನಮ್ಮಲ್ಲಿ ಕೂರುತ್ತದೆ, ನಾವು ಅದಕ್ಕೆ ಕರ್ತೃವಲ್ಲ. ಇಂಗ್ಲಿಷು ಕರ್ಮಣಿ ಪ್ರಯೋಗದಲ್ಲಿ ಹುಡುಕುವುದನ್ನು ನಮ್ಮ ವ್ಯಾಕರಣ ಎಂದೋ ಕೊಟ್ಟಿದೆ. ಅದನ್ನು ಬಿಟ್ಟುಕೊಡಬೇಡ.

ಉಳಿದವನ್ನು ಬೇಗ ಹೇಳುತ್ತೇನೆ. ‘ಲ್ಯೂರ್’ ಗಿಡುಗ ಸಾಕುವವರ ಪದ. ದಾರಕ್ಕೆ ಗರಿಗಳ ಗೊಂಚಲು ಕಟ್ಟಿ ಬೀಸಿ ಹಕ್ಕಿಯನ್ನು ಕೈಗೆ ಮರಳಿಸುವ ಸಾಧನ. ಆಮಿಷ ಅಲ್ಲಿ ಚೆನ್ನಾಗಿ ಹೊಂದುತ್ತದೆ. ‘ಸೆಡ್ಯೂಸ್’ ಎಂದರೆ ಮೂಲದಲ್ಲಿ ದಾರಿ ಬಿಡಿಸಿ ಪಕ್ಕಕ್ಕೆ ಕರೆದೊಯ್ಯುವುದು. ಮೊದಲು ನಿಷ್ಠೆ ತಪ್ಪಿಸುವುದಕ್ಕೆ ಬಳಕೆಯಾಗಿ, ಆಮೇಲೆ ದೇಹದ ಆಸೆಗೆ ಅಂಟಿಕೊಂಡಿತು. ‘ಟ್ಯಾಂಟಲೈಸ್’ ಗ್ರೀಕ್ ಪುರಾಣದ ಟ್ಯಾಂಟಲಸ್‌ನಿಂದ ಬಂದದ್ದು. ಶಿಕ್ಷೆಗೆ ಗುರಿಯಾಗಿ ನೀರಿನಲ್ಲಿ ನಿಂತ ಅವನು ಕುಡಿಯಲು ಬಾಗಿದರೆ ನೀರು ಇಳಿಯುತ್ತದೆ, ಕೈ ಚಾಚಿದರೆ ಹಣ್ಣು ಸರಿಯುತ್ತದೆ. ಆಸೆ ತೋರಿಸಿ ಕೊಡದೆ ಸತಾಯಿಸುವುದು ಎಂದರಷ್ಟೇ ಅದರ ನೋವು ದಾಟಿ ಬರುತ್ತದೆ.

ನಿನ್ನ ಹಸ್ತಪ್ರತಿಯಲ್ಲಿ ಈ ಬಗೆಯ ಕ್ರಿಯಾಪದ ಹನ್ನೊಂದು ಕಡೆ ಇದೆ, ಆ ‘ಪ್ರಲೋಭನೆ’ಯೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಆಮಿಷವೇ ಬಿದ್ದಿದೆ. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದುಕೋ: ಆಸೆ ಯಾರದು, ಹಚ್ಚಿದವರು ಯಾರು, ಕೊನೆಗೆ ಕಳೆದುಕೊಂಡವರು ಇದ್ದಾರೆಯೇ. ಏಳನೆಯ ಪುಟದ ವ್ಯಾಪಾರಿಗೆ ಆಮಿಷವನ್ನೇ ಇಟ್ಟುಕೋ, ಅವನು ಅದಕ್ಕೆ ತಕ್ಕವನು. ಅಜ್ಜಿಯ ವಾಕ್ಯವನ್ನು ಮಾತ್ರ ಮೊದಲು ತಿದ್ದಿ ಕಳಿಸು. ನಾನು ಕಾಯುತ್ತಿರುತ್ತೇನೆ.

ನಿನ್ನ,
ಅಣ್ಣ