ಹಳೆಯ ಮಿರರ್ ಡಿಂಗಿಗೆ ಬಣ್ಣ ಹಚ್ಚುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಹಳೆ ದೋಣಿಯ ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಈ ವಾರವೇ ಬಣ್ಣದ ಡಬ್ಬಿ ತರುತ್ತೇನೆ ಎಂದು ಬರೆದಿದ್ದೀಯಲ್ಲ, ಬೇಡ ಮಾರಾಯ, ಅದನ್ನು ಸದ್ಯಕ್ಕೆ ಬಿಡು. ಒದ್ದೆ ಪ್ಲೈವುಡ್ಡಿನ ಮೇಲೆ ಬಣ್ಣ ಬಿದ್ದರೆ ಒಳಗಿನ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ, ಹೊಳೆಯುವ ಬಣ್ಣದ ಅಡಿಯಲ್ಲೇ ಮರ ಕೊಳೆಯುತ್ತದೆ. ಮೊದಲು ಒಣಗಿಸುವುದು, ಆಮೇಲೆ ನೀರು ಎಲ್ಲಿ ಹೊಕ್ಕಿತು ಎಂದು ಹುಡುಕುವುದು, ಆಮೇಲೆ ಮರಗೆಲಸ. ಬಣ್ಣ ಕಡೆಗೆ.

ನಿನ್ನ ಗ್ಯಾರೇಜಿಗೆ ಬಂದಿರುವುದು ಮಿರರ್ ಡಿಂಗಿ, ಅಂದರೆ ಚಿಕ್ಕ ಹಾಯಿದೋಣಿ. 1962ರಲ್ಲಿ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್, ಬ್ಯಾರಿ ಬಕ್ನೆಲ್ ಇಬ್ಬರೂ ಸೇರಿ ರೂಪಿಸಿದ ದೋಣಿ ಇದು. ಬಕ್ನೆಲ್ ಬ್ರಿಟನ್ನಿನ ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದವರು. ಡೈಲಿ ಮಿರರ್ ಪತ್ರಿಕೆ ಬೆನ್ನಿಗೆ ನಿಂತದ್ದರಿಂದ ಆ ಹೆಸರು, ಆ ಕೆಂಪು ಹಾಯಿ. ಉದ್ದ 3.3 ಮೀಟರ್, ಬರೀ ಒಡಲಿನ ತೂಕ 45.5 ಕೆಜಿ. ಸಾಮಾನ್ಯ ಸಂಬಳದವರು ಕಿಟ್ ತಂದು ಮನೆಯಲ್ಲೇ ಜೋಡಿಸಿಕೊಳ್ಳಲಿ ಎಂಬುದೇ ಉದ್ದೇಶ, ಹಾಗಾಗಿಯೇ 70,000ಕ್ಕೂ ಹೆಚ್ಚು ದೋಣಿಗಳಾದವು. ನಿನಗೆ ಇದರಲ್ಲಿ ಮುಖ್ಯವಾದ ಸಂಗತಿ ಒಂದಿದೆ: ಮನೆಮನೆಯಲ್ಲಿ ಕಟ್ಟಿದ್ದರಿಂದ ಅಂಟಿನ ಗುಣ ಒಂದೊಂದರಲ್ಲಿ ಒಂದೊಂದು ಥರ. ಎಡಗಡೆಯ ಸೇರುವೆ ಗಟ್ಟಿ ಇದೆಯೆಂದು ಬಲಗಡೆಯದನ್ನು ನಂಬಬೇಡ.

ನಮ್ಮ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುತ್ತಿದ್ದರಲ್ಲ, ಮಿರರ್ ಕೂಡ ಹೊಲಿದ ದೋಣಿಯೇ. ಆದರೆ ಅಲ್ಲಿ ಹುರಿಯೇ ದೋಣಿಯನ್ನು ಹಿಡಿದಿರುತ್ತದೆ. ಇಲ್ಲಿ ತಾಮ್ರದ ತಂತಿಯ ಹೊಲಿಗೆ ರೆಸಿನ್ ಎಂಬ ದ್ರವ ಅಂಟು ಗಟ್ಟಿಯಾಗುವವರೆಗೆ ಮಾತ್ರ. ಆಮೇಲಿನ ಭಾರವನ್ನೆಲ್ಲ ಹೊರುವುದು ಸೇರುವೆಯ ಮೇಲಿನ ಗ್ಲಾಸ್ ಫೈಬರ್ ಟೇಪು. ಹಳೆಯ ಕಿಟ್ಟುಗಳಲ್ಲಿ ಅದನ್ನು ಅಂಟಿಸಿದ್ದು ಪಾಲಿಯೆಸ್ಟರ್ ರೆಸಿನ್ನಿನಲ್ಲಿ. ಅದಕ್ಕೆ ಮರದ ಮೇಲಿನ ಹಿಡಿತ ಕಮ್ಮಿ. ಒಂದು ಅಂಚಿನಲ್ಲಿ ನೀರು ನುಸುಳಿದರೆ ಸಾಕು, ವರ್ಷ ಕಳೆದಂತೆ ಟೇಪು ಉದ್ದಕ್ಕೂ ಬಿಟ್ಟುಕೊಳ್ಳುತ್ತದೆ. ಟೇಪಿನ ಅಡಿಯಲ್ಲಿ ಬೆಳ್ಳಗೆ ಮಬ್ಬಾಗಿ ಕಂಡರೆ ಅಲ್ಲಿ ಬಿಟ್ಟಿದೆ ಎಂದೇ ಲೆಕ್ಕ.

ನೀನಿರುವ ಇಂಗ್ಲೆಂಡಿನ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿಟ್ಟರೆ ತಾನಾಗಿ ಒಣಗುತ್ತದೆ ಎಂದುಕೊಳ್ಳಬೇಡ, ಅಲ್ಲಿನ ಗಾಳಿಯೇ ತೇವ. ದೋಣಿಯ ಸುತ್ತ ಪ್ಲಾಸ್ಟಿಕ್ ಹಾಳೆಯ ಡೇರೆ ಕಟ್ಟಿ, ಒಳಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟು, ದೋಣಿಯನ್ನು ತೇಲಿಸುವ ಗಾಳಿ ಟ್ಯಾಂಕುಗಳ ಮುಚ್ಚಳ, ಬಿರಡೆ ಎಲ್ಲ ತೆಗೆದಿಡು. ಮುಚ್ಚಳವೇ ಇಲ್ಲದ ಟ್ಯಾಂಕಿಗೆ 125 ಮಿ.ಮೀ.ನ ತಪಾಸಣೆ ಮುಚ್ಚಳ ಕೂರಿಸು, ಒಳಗೆ ಟಾರ್ಚ್ ಬಿಟ್ಟು ನೋಡದೆ ಯಾವ ಟ್ಯಾಂಕನ್ನೂ ಒಳ್ಳೆಯದೆನ್ನಲಾಗದು. ತೇವದ ಮೀಟರು 15 ಶೇಕಡಕ್ಕಿಂತ ಕೆಳಗೆ ತೋರಿಸುವವರೆಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಅಂಟು) ಮುಟ್ಟಬೇಡ. ಒಣಗುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಕ ಮಾಡು. ಎಷ್ಟು ನೀರು ಕುಡಿದಿತ್ತು ಎಂದು ಆಗ ಗೊತ್ತಾಗುತ್ತದೆ.

ಹುಡುಕುವ ಕೆಲಸಕ್ಕೆ ಸ್ಕ್ರೂಡ್ರೈವರಿನ ಹಿಡಿ ಮತ್ತು ಒಂದು ಚೂಪು ಮೊಳೆ ಸಾಕು. ಹಿಡಿಯಿಂದ ಕುಟ್ಟುತ್ತ ಹೋಗು. ಗಟ್ಟಿ ಮರದ ಸದ್ದು ಖಣಿಲು, ಕೊಳೆತದ್ದು ಮಂಕಾಗಿ ದೊಬ್ ಎನ್ನುತ್ತದೆ. ಸಂಶಯ ಬಂದಲ್ಲಿ ಮೊಳೆ ಚುಚ್ಚು, ಸಲೀಸಾಗಿ ಒಳಹೋದರೆ ಅಷ್ಟೂ ಕತ್ತರಿಸಬೇಕು. ದೋಣಿಯ ಮೊಂಡು ಮೂತಿಯ ಕೆಳಮೂಲೆಗಳು, ಹಿಂದಿನ ಹಲಗೆಯಲ್ಲಿ ಚುಕ್ಕಾಣಿಯ ಕೊಂಡಿ ಕೂತ ಜಾಗ, ನೀರು ಬಿಡುವ ತೂತಿನ ಸುತ್ತ, ಹಾಯಿಕಂಬದ ತಂತಿ ಕಟ್ಟುವ ಪಟ್ಟಿಗಳ ಅಡಿ, ಇವು ಬೇಗ ಹೋಗುವ ಜಾಗಗಳು. ಎಲ್ಲಕ್ಕಿಂತ ಕೆಟ್ಟದ್ದು ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ) ಇಳಿಯುವ ಪೆಟ್ಟಿಗೆಯ ಬುಡ. ನಿನ್ನ ನಾಲ್ಕನೇ ಫೋಟೊದಲ್ಲಿ ಅಲ್ಲಿ ಕಪ್ಪು ಗೆರೆ ಕಾಣುತ್ತಿದೆ, ನನಗೆ ಅದರದೇ ಚಿಂತೆ.

ಹಳೆ ಬಣ್ಣ ತೆಗೆಯಲು ಬೆಲ್ಟ್ ಸ್ಯಾಂಡರ್ ಬೇಡವೇ ಬೇಡ. ಪ್ಲೈ ಇರುವುದೇ ಸುಮಾರು 5 ಮಿ.ಮೀ., ಮೇಲಿನ ಪದರ ಅದಕ್ಕಿಂತ ಎಷ್ಟೋ ತೆಳು, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಸವೆದುಹೋಗುತ್ತದೆ. ಕಾರ್ಬೈಡ್ ಸ್ಕ್ರೇಪರಿನಲ್ಲಿ ಮರದ ಎಳೆಯ ದಿಕ್ಕಿಗೆ ಕೆರೆ, ಉಳಿದದ್ದಕ್ಕೆ ಆರ್ಬಿಟಲ್ ಸ್ಯಾಂಡರಿನಲ್ಲಿ 80 ಗ್ರಿಟ್ ಸ್ಯಾಂಡ್‌ಪೇಪರ್, ಆಮೇಲೆ 120. ಅರುವತ್ತರ ದಶಕದ ದೋಣಿಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಅಂಗಡಿಯಲ್ಲಿ ಸಿಗುವ ಕಿಟ್ಟಿನಲ್ಲಿ ಪರೀಕ್ಷಿಸದೆ ಒಣಗೆ ಉಜ್ಜಬೇಡ. ಹೀಟ್ ಗನ್ ಬಿಟ್ಟುಕೊಂಡ ಟೇಪು ಕೀಳಲಿಕ್ಕೆ ಒಳ್ಳೆಯದು, ಆದರೆ ಗಟ್ಟಿ ಇರುವ ಸೇರುವೆಯ ಹತ್ತಿರ ಬಂದರೆ ಅದನ್ನೂ ಸಡಿಲ ಮಾಡುತ್ತದೆ.

ಹಿತ್ತಾಳೆಯ ಹಳೆ ತಿರುಪುಗಳ ಬಗ್ಗೆ ಜೋಪಾನ. ಉಪ್ಪುನೀರಿಗೆ ಅವುಗಳಲ್ಲಿನ ಸತು ಕರಗಿ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಜೋರು ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ. ಮೊದಲು ತಿರುಪಿನ ತಲೆಯ ಸೀಳಿನೊಳಗಿನ ಬಣ್ಣ ಕೆರೆದು, ಬೆಸುಗೆ ಹಾಕುವ ಐರನ್ನಿನ ತುದಿಯನ್ನು ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿ. ತಣಿದ ಮೇಲೆ ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚು. ಹಾಕುವಾಗ ಸಿಲಿಕಾನ್ ಬ್ರಾಂಜ್ ಅಥವಾ ಎ4 ಸ್ಟೇನ್‌ಲೆಸ್ ತಿರುಪು ಹಾಕು. ತೂತನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದರೆ ತಿರುಪಿನ ಜಾಡು ಹಿಡಿದು ನೀರು ಮರಕ್ಕೆ ಇಳಿಯುವುದಿಲ್ಲ. ಕೊಂಡಿಗಳ ಅಡಿಗೆ ನೀರು ತಡೆಯುವ ಪಾಲಿಸಲ್ಫೈಡ್ ಸೀಲಂಟ್. ಬಚ್ಚಲುಮನೆಯ ಸಿಲಿಕೋನ್ ಮಾತ್ರ ದೋಣಿಯ ಹತ್ತಿರ ತರಬೇಡ, ಅದು ತಾಗಿದ ಕಡೆ ಮುಂದೆ ಬಣ್ಣವೇ ಹಿಡಿಯುವುದಿಲ್ಲ.

ತೇಪೆಗೆ ಬಿಎಸ್ 1088 ದರ್ಜೆಯ (ದೋಣಿ ಪ್ಲೈವುಡ್ಡಿನ ಬ್ರಿಟಿಷ್ ಗುಣಮಟ್ಟ) ಒಕುಮೆ ಮರದ ಮರೈನ್ ಪ್ಲೈ ತಾ. ಕೊಳೆತ ಅಂಚಿನಿಂದ ಕನಿಷ್ಠ 50 ಮಿ.ಮೀ. ಒಳ್ಳೆಯ ಮರದೊಳಕ್ಕೆ ಬಂದು ಕತ್ತರಿಸು. ಅಂಚುಗಳನ್ನು 8ಕ್ಕೆ 1ರಂತೆ, ಅಂದರೆ 5 ಮಿ.ಮೀ. ಪ್ಲೈಗೆ 40 ಮಿ.ಮೀ. ಅಗಲ ಇಳಿಜಾರಾಗಿ ಕೀಸು. ಅಷ್ಟು ಹದವಾಗಿ ಕೀಸಲು ಕೈ ಕೂರದಿದ್ದರೆ ಒಳಗಡೆ ಸುತ್ತ 50 ಮಿ.ಮೀ. ಹಾಯುವಂತೆ ಒತ್ತುಪಟ್ಟಿ ಕೊಡು. ಅಂಟಿಸುವ ಮೊದಲು ಎರಡೂ ಮುಖಕ್ಕೆ ಬರೀ ಎಪಾಕ್ಸಿ ಹಚ್ಚಿ ಮರ ಕುಡಿಯಲು ಬಿಡು, ಆಮೇಲೆ ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ. ಮೊದಲನೆಯದನ್ನು ಬಿಟ್ಟರೆ ಎಳೆಗಳು ಅಂಟನ್ನು ಹೀರಿಕೊಂಡು ಸೇರುವೆಯಲ್ಲಿ ಅಂಟೇ ಉಳಿಯುವುದಿಲ್ಲ. ಕ್ಲ್ಯಾಂಪನ್ನು ಹಿಂಡುವಷ್ಟು ಬಿಗಿದರೂ ಅದೇ ಗತಿ.

ಎಪಾಕ್ಸಿಯಲ್ಲಿ ಅಳತೆಯೇ ಎಲ್ಲ. ವೆಸ್ಟ್ ಸಿಸ್ಟಮ್ ಬ್ರ್ಯಾಂಡಿನ 105 ರೆಸಿನ್ನಿಗೆ, ಅದನ್ನು ಗಟ್ಟಿ ಮಾಡುವ 205 ಅಥವಾ 206 ಹಾರ್ಡನರ್, 5ಕ್ಕೆ 1. ಬೇಗ ಒಣಗಲಿ ಎಂದು ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಆಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. 206ಕ್ಕೆ 16 ಡಿಗ್ರಿಯಾದರೂ ಬೇಕು. ನಿನ್ನ ಗ್ಯಾರೇಜಿನ ಚಳಿಗೆ 205 ಸರಿ, 4 ಡಿಗ್ರಿವರೆಗೆ ನಡೆಯುತ್ತದೆ, ಆದರೆ ಬೆಚ್ಚಗಿದ್ದರೆ ಹತ್ತೇ ನಿಮಿಷದಲ್ಲಿ ಕಲಸುವ ಲೋಟದಲ್ಲೇ ಗಟ್ಟಿಯಾಗಿ ಕೈ ಸುಡುತ್ತದೆ. ಒಮ್ಮೆಗೆ 100 ಗ್ರಾಮಿಗಿಂತ ಹೆಚ್ಚು ಕಲಸಬೇಡ, ಕಲಸಿದ್ದನ್ನು ಅಗಲ ತಟ್ಟೆಗೆ ಸುರಿ. ಬರಿಯ ಮರಕ್ಕೆ ಹಚ್ಚುವುದು ಸಂಜೆ, ಗ್ಯಾರೇಜು ತಣ್ಣಗಾಗುತ್ತಿರುವಾಗ. ಬೆಳಿಗ್ಗೆ ಹಚ್ಚಿದರೆ ಬಿಸಿಯೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತೊಳೆದ ಮೇಲೆಯೇ ಸ್ಯಾಂಡ್‌ಪೇಪರ್, ಇಲ್ಲವಾದರೆ ಜಿಡ್ಡನ್ನು ಮೈಗೆಲ್ಲ ಉಜ್ಜಿದಂತೆ. ನೈಟ್ರೈಲ್ ಕೈಗವಸು ಪ್ರತಿ ಸಲ ಹಾಕು. ಎಪಾಕ್ಸಿಯ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಬಿಡುವುದಿಲ್ಲ.

ಸೇರುವೆಗಳಿಗೆ ಮೂಲೆಯಲ್ಲಿ ಸುಮಾರು 10 ಮಿ.ಮೀ. ತ್ರಿಜ್ಯದ ಫಿಲೆಟ್ (ಮೂಲೆಯನ್ನು ದುಂಡಗೆ ತುಂಬುವ ಗಟ್ಟಿ ಎಪಾಕ್ಸಿ) ಎಳೆದು, ಅದು ಇನ್ನೂ ಅಂಟಂಟಾಗಿರುವಾಗಲೇ 50 ಮಿ.ಮೀ. ಗ್ಲಾಸ್ ಟೇಪು ಕೂರಿಸಿ ಎಪಾಕ್ಸಿಯಲ್ಲಿ ನೆನೆಸು, ನಡುವೆ ಉಜ್ಜುವ ಕೆಲಸ ತಪ್ಪುತ್ತದೆ. ಫಿಲೆಟ್ಟಿಗೆ ಸಿಲಿಕಾ, ಮರದ ಹಿಟ್ಟು. ಮೈಕ್ರೊಬಲೂನ್ ಎಂಬ ಹಗುರ ಪುಡಿ ತಗ್ಗು ತುಂಬಲಿಕ್ಕಷ್ಟೇ, ಅದಕ್ಕೆ ಭಾರ ಹೊರುವ ಶಕ್ತಿಯಿಲ್ಲ. ಹಳೆ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರನ್ನು ನಂಬಬೇಡ.

ಪೆಟ್ಟಿಗೆಯ ಬುಡ ಮೊಳೆಗೆ ಮೆತ್ತಗೆ ಸಿಕ್ಕಿದರೆ ತೇಪೆ ಹಾಕಲು ಹೋಗಬೇಡ, ಪೆಟ್ಟಿಗೆಯನ್ನೇ ಬಿಚ್ಚಿ ಹೊಸದು ಮಾಡು. ಹೊಸ ಹಲಗೆಗಳ ಒಳಮುಖಕ್ಕೆ ಜೋಡಿಸುವ ಮೊದಲೇ ಮೂರು ಕೋಟ್ ಎಪಾಕ್ಸಿ ಕೊಡು, ಜೋಡಿಸಿದ ಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ.

ಇಷ್ಟಾದ ಮೇಲೆ ಟ್ಯಾಂಕುಗಳ ಪರೀಕ್ಷೆ. ಬಿರಡೆಯ ತೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಬಾಯಲ್ಲಿ ಊದು, ಸೇರುವೆಗಳ ಮೇಲೆ ಸೋಪಿನ ನೀರು ಹಚ್ಚು, ಗುಳ್ಳೆ ಬಂದಲ್ಲಿ ಸೋರಿಕೆ. ಕಂಪ್ರೆಸರ್ ಹಚ್ಚಿದರೆ ಟ್ಯಾಂಕಿನ ಮೇಲ್ಹಲಗೆಯೇ ಕಿತ್ತುಬರುತ್ತದೆ. ದೋಣಿ ಮಗುಚಿದಾಗ ನಿನ್ನನ್ನು ತೇಲಿಸುವುದು ಈ ಟ್ಯಾಂಕುಗಳೇ, ಒಂದು ಗುಳ್ಳೆಯನ್ನೂ ಬಿಡಬೇಡ.

ಬಣ್ಣದ ಮಾತು ಚಿಕ್ಕದು. ಪ್ರೈಮರ್, ಎರಡು ಅಂಡರ್‌ಕೋಟ್, ಎರಡು ಕೋಟ್ ಸಿಂಗಲ್ ಪ್ಯಾಕ್ (ಏನೂ ಬೆರೆಸದೆ ಹಚ್ಚುವ) ಪಾಲಿಯುರೆಥೇನ್ ಬಣ್ಣ. ಒಳಗಡೆ ವಾರ್ನಿಷ್ ಬೇಕೆಂದರೆ ಐದಾರು ಕೋಟ್. ಎಪಾಕ್ಸಿ ಬಿಸಿಲಿಗೆ ಪುಡಿಯಾಗುವುದರಿಂದ ಎಲ್ಲೂ ಬರಿದಾಗಿ ಬಿಡಬೇಡ.

ಹಾಯಿಯ ಬಟ್ಟೆ ಚೆನ್ನಾಗೇ ಕಾಣುತ್ತಿದೆ, ಹೊಲಿಗೆಯ ದಾರವನ್ನು ಉಗುರಿನಿಂದ ಕೆರೆದು ನೋಡು. ಪಟ್ಟೆಂದು ಹರಿದರೆ ಬಿಸಿಲಿಗೆ ಹೋಗಿದೆ, ಪೂರ್ತಿ ಮರುಹೊಲಿಗೆ ಹಾಕಿಸಬೇಕು. ಕಂಬ ಹಿಡಿಯುವ ತಂತಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಎಲ್ಲ ತಂತಿಗಳನ್ನೂ ಬದಲಿಸು.

ಪೆಟ್ಟಿಗೆಯ ಬುಡವನ್ನು ಕೆರೆದು, ಮೊಳೆ ಚುಚ್ಚಿ, ಹತ್ತಿರದಿಂದ ಎರಡು ಫೋಟೊ ಕಳಿಸು. ಅದನ್ನು ನೋಡಿದ ಮೇಲೆ ಎಷ್ಟು ಪ್ಲೈ ತರಬೇಕೆಂದು ಲೆಕ್ಕ ಹಾಕೋಣ.

ಇತಿ,
ನಿನ್ನ ಗೆಳೆಯ